ಥರ್ಟಿ–ಫಾರ್ಟಿ ಸೈಟಿನಲ್ಲಿ ಒಬ್ಬ ಫೇರೋ

ಎರಡು ನಿಮಿಷಕ್ಕೊಂದು ಕಲ್ಲು. ಒಂದೊಂದೂ ಸರಾಸರಿ ಎರಡೂವರೆ ಟನ್. ದಿನಕ್ಕೆ 10 ಗಂಟೆ, ವರ್ಷದ 365 ದಿನವೂ, ಹಬ್ಬ ಹುಣ್ಣಿಮೆ ಎನ್ನದೆ 20 ವರ್ಷ. ಗೀಜಾದ ಮಹಾ ಪಿರಮಿಡ್ ಎದ್ದು ನಿಲ್ಲಬೇಕಾದರೆ ಕೆಲಸ ಈ ವೇಗದಲ್ಲಿ ನಡೆದಿರಬೇಕು. ಈ ಲೆಕ್ಕಕ್ಕೆ ಆರನೇ ಕ್ಲಾಸಿನ ಗಣಿತ ಸಾಕು. ಪಿರಮಿಡ್ಡಿಗೆ ಹಿಡಿದ ಕಲ್ಲುಗಳು ಸುಮಾರು 23 ಲಕ್ಷ ಎಂಬುದು ಬಹಳ ಜನ ಒಪ್ಪಿರುವ ಅಂದಾಜು. ಕಟ್ಟಲು 20 ವರ್ಷ ಹಿಡಿಯಿತೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ. 20 ವರ್ಷವೆಂದರೆ 7,300 ದಿನ. ದಿನಕ್ಕೆ 315 ಕಲ್ಲು, ಗಂಟೆಗೆ 31.

ಈ ಭಾಗಾಕಾರ ಮಾಡಿದವಳು ನನ್ನ ತಂಗಿಯ ಮಗಳು. ರಿಚರ್ಡ್ಸ್ ಟೌನಿನ ಅವರ ಮನೆಯಲ್ಲಿ, ಥರ್ಮಾಕೋಲ್ ಚೂರು, ಫೆವಿಕಾಲ್ ಡಬ್ಬಿ, ಗಾಜ್ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ ಒಂದು ಗೊಂಬೆ, ಇಷ್ಟರ ನಡುವೆ ಊಟದ ಮೇಜಿನ ಮೇಲೆ ಕೂತು ಮಾಡಿದಳು. ಪ್ರಾಚೀನ ಈಜಿಪ್ಟಿನವರು ಸತ್ತವರನ್ನು ಹೇಗೆ ಮಣ್ಣು ಮಾಡುತ್ತಿದ್ದರು ಎಂಬುದು ಶಾಲೆಯವರು ಕೊಟ್ಟ ಪ್ರಾಜೆಕ್ಟು. ಚಾರ್ಟಿನ ಮೇಲೆ ಆಗಲೇ ಸ್ಕೆಚ್ ಪೆನ್ನಿನಲ್ಲಿ ಅಂದವಾಗಿ ಬರೆದಾಗಿತ್ತು: ಪಿರಮಿಡ್ ತುಂಬಾ ದೊಡ್ಡದು, ಮಮ್ಮಿಗಳು ತುಂಬಾ ಹಳೆಯವು, ಗೋರಿಗಳಲ್ಲಿ ತುಂಬಾ ಚಿನ್ನ ಇತ್ತು.

“ತುಂಬಾ ಅಂದ್ರೆ ಎಷ್ಟೇ?” ಎಂದು ಕೇಳಿದೆ.

“ತುಂಬಾ ಅಂದ್ರೆ ತುಂಬಾ, ದೊಡ್ಡಮ್ಮ!”

ಹತ್ತು ವರ್ಷದ ಮಗುವಿಗೆ ಪಿರಮಿಡ್ಡಿನ ಬುಡ 53,000 ಚದರ ಮೀಟರ್ ಎಂದರೆ ಏನೂ ಹೇಳಿದ ಹಾಗಲ್ಲ. ಆದರೆ ಬೆಂಗಳೂರಿನ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತಿರುವ ಒಂದು ಅಳತೆ ಇದೆ: ಥರ್ಟಿ–ಫಾರ್ಟಿ ಸೈಟು. 30 ಅಡಿಗೆ 40 ಅಡಿ, 1,200 ಚದರಡಿ. ಈ ನಗರದಲ್ಲಿ ಮಧ್ಯಮ ವರ್ಗದವರು ಜೀವಮಾನವಿಡೀ ದುಡಿದು ಕೊಳ್ಳಲು ಹೆಣಗುವ ನೆಲದ ತುಂಡು ಅದು. ಅದನ್ನೇ ಅಳತೆಗೋಲು ಮಾಡಿಕೊಂಡೆವು. ಮಹಾ ಪಿರಮಿಡ್ಡಿನ ಬುಡದ ಒಂದೊಂದು ಬದಿ 230 ಮೀಟರ್. ಬುಡವೇ 13 ಎಕರೆ. ಅಂದರೆ ರಸ್ತೆ, ಚರಂಡಿ, ಪಾರ್ಕು ಯಾವುದಕ್ಕೂ ಜಾಗ ಬಿಡದೆ ಒತ್ತೊತ್ತಾಗಿ ಜೋಡಿಸಿದರೆ 475 ಸೈಟು. 475 ಸಂಸಾರಗಳ ನೆಲದ ಮೇಲೆ ಖುಫು ಎಂಬ ಒಬ್ಬನೇ ಒಬ್ಬ ರಾಜನ ಸಮಾಧಿ. ಕಟ್ಟಿದಾಗ ಎತ್ತರ 146 ಮೀಟರಿಗೂ ಮೇಲೆ. ಮನುಷ್ಯ ಕಟ್ಟಿದ್ದರಲ್ಲಿ ಅದನ್ನು ಮೀರಿಸಿದ ಇನ್ನೊಂದು ಕಟ್ಟಡ ಏಳಲು ಸುಮಾರು 3,800 ವರ್ಷ ಕಾಯಬೇಕಾಯಿತು. ಕೊನೆಗೆ ಮೀರಿಸಿದ್ದು ಇಂಗ್ಲೆಂಡಿನ ಲಿಂಕನ್ ಕ್ಯಾಥೆಡ್ರಲಿನ ಗೋಪುರ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಮಾತ್ರ ದೊಡ್ಡದಲ್ಲ, ಚಿಕ್ಕದು. ಟುಟಾಂಖಾಮನ್ ಎಂಬ ಫೇರೋ, ಅಂದರೆ ಈಜಿಪ್ಟಿನ ರಾಜ, ಸತ್ತಾಗ ಅವನಿಗೆ 18 ಅಥವಾ 19 ವರ್ಷ. ದೊಡ್ಡ ಗೋರಿ ಕೊರೆಯಲು ಸಮಯ ಸಿಗಲಿಲ್ಲವೆಂದೋ ಏನೋ, ರಾಜರ ಕಣಿವೆಯಲ್ಲಿ ಅವನಿಗೆ ಸಿಕ್ಕಿದ್ದು ತೀರಾ ಇಕ್ಕಟ್ಟಿನ ಗೋರಿ. ಮೆಟ್ಟಿಲು, ಓಣಿ, ನಾಲ್ಕು ಕೋಣೆ ಎಲ್ಲ ಸೇರಿ ಸುಮಾರು 109.8 ಚದರ ಮೀಟರ್. ಅಡಿ ಲೆಕ್ಕಕ್ಕೆ ತಂದು ನೋಡಿ: 1,182 ಚದರಡಿ. ಒಂದು ಥರ್ಟಿ–ಫಾರ್ಟಿ ಸೈಟಿಗಿಂತ 18 ಚದರಡಿ ಕಡಿಮೆ! 1922ರ ನವೆಂಬರ್ 4ರಂದು ಬ್ರಿಟಿಷ್ ಪುರಾತತ್ವಜ್ಞ ಹೊವಾರ್ಡ್ ಕಾರ್ಟರನ ಕೂಲಿಯವರಿಗೆ ಅದರ ಮೊದಲ ಮೆಟ್ಟಿಲು ಕಂಡಿತು. ಆ ಒಂದು ಸೈಟಿನಷ್ಟು ಜಾಗದಿಂದ ಹೊರಬಂದ ವಸ್ತುಗಳು 5,000ಕ್ಕೂ ಹೆಚ್ಚು. ಬಿಡಿ ಬಿಡಿಯಾಗಿ ಕಳಚಿಟ್ಟ ರಥಗಳು, ಮಂಚಗಳು, ಸುಮಾರು 130 ಊರುಗೋಲು, ಜಾಡಿಗಟ್ಟಲೆ ದ್ರಾಕ್ಷಾರಸ. ಒಂದರೊಳಗೊಂದು ಮೂರು ಶವಪೆಟ್ಟಿಗೆ. ಎಲ್ಲಕ್ಕಿಂತ ಒಳಗಿನದು ಅಪ್ಪಟ ಬಂಗಾರದ್ದು, ತೂಕ 110 ಕಿಲೋ. ಎಲ್ಲವನ್ನೂ ದಾಖಲಿಸಿ, ಫೋಟೋ ತೆಗೆದು, ಮುರಿಯದಂತೆ ಹೊರತರಲು ಕಾರ್ಟರನಿಗೆ ಹತ್ತು ವರ್ಷ ಹಿಡಿಯಿತು. ಸಣ್ಣ ಗೋರಿಯ, ಅಲ್ಪಾಯುಷಿಯ ಪಾಡು ಇದು. ಇಷ್ಟೆತ್ತರ ಪಿರಮಿಡ್ ಕಟ್ಟಿಸಿಕೊಂಡ ಖುಫುವಿನ ಜೊತೆ ಏನೇನು ಇಟ್ಟಿದ್ದರೋ, ಕಳ್ಳರು ಒಂದನ್ನೂ ಉಳಿಸಿಲ್ಲ.

ಅದೇ ಗೋರಿಯಲ್ಲಿ 413 ಪುಟ್ಟ ಗೊಂಬೆಗಳೂ ಇದ್ದವು. ಉಶಬ್ತಿ ಎಂದು ಅವುಗಳ ಹೆಸರು. ಸತ್ತ ಮೇಲಿನ ಲೋಕದಲ್ಲೂ ಹೊಲ ಉಳಬೇಕು, ಕಾಲುವೆ ತೋಡಬೇಕು. ಅಲ್ಲಿ ಕರೆ ಬಂದಾಗ ಯಜಮಾನನ ಬದಲು ಎದ್ದು ಹೋಗಿ ದುಡಿಯಲು ಈ ಗೊಂಬೆಗಳು. ದಿನಕ್ಕೊಬ್ಬ ಆಳಿನಂತೆ 365. ಹತ್ತು ಆಳಿಗೊಬ್ಬ ಮೇಸ್ತ್ರಿಯಂತೆ 36. ತಿಂಗಳಿಗೊಬ್ಬ ಮೇಲ್ವಿಚಾರಕನಂತೆ 12. ಕೂಡಿದರೆ 413. ಸಾವಿನ ಆಚೆಗೂ ಹಾಜರಿ ಪುಸ್ತಕ ಇಟ್ಟ ಜನ ಅವರು! ಆಳುಗಳಿಗೆ ಒಂದು ದಿನವೂ ರಜೆ ಇಲ್ಲದ್ದು ನಮ್ಮ ಹುಡುಗಿಗೆ ಸರಿ ಕಾಣಲಿಲ್ಲ.

ಇನ್ನು ಮಮ್ಮಿ. ಹೆಣ ಸಿದ್ಧವಾಗಲು 70 ದಿನ. ಆಕಾಶದಲ್ಲಿ ಲುಬ್ಧಕ ನಕ್ಷತ್ರ ಕಣ್ಮರೆಯಾಗಿರುವ ದಿನಗಳೂ ಅಷ್ಟೇ. ಮೊದಲು ಒಳಗಿನ ಅಂಗಗಳನ್ನು ತೆಗೆದು ನಾಲ್ಕು ಜಾಡಿಗಳಿಗೆ ತುಂಬುತ್ತಿದ್ದರು. ಹೃದಯವನ್ನು ಮಾತ್ರ ಇದ್ದಲ್ಲೇ ಬಿಡುತ್ತಿದ್ದರು. ಆಮೇಲೆ ಸುಮಾರು 40 ದಿನ ದೇಹ ನಾಟ್ರನ್ನಿನಲ್ಲಿ ಹೂತಿರಬೇಕು. ನಾಟ್ರನ್ ಬೇರೇನಲ್ಲ: ವಾಷಿಂಗ್ ಸೋಡಾ, ಅಡುಗೆ ಸೋಡಾ, ಒಂದಿಷ್ಟು ಉಪ್ಪು ಸೇರಿ ಬತ್ತಿದ ಕೆರೆಗಳ ತಳದಲ್ಲಿ ತಾನಾಗಿ ಹೆಪ್ಪುಗಟ್ಟುವ ಬಿಳಿ ಪುಡಿ. ತಂಗಿಯ ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಅದರದೇ ಪ್ರಯೋಗ ನಡೆದಿತ್ತು. ಪುಡಿಯುಪ್ಪು, ಅಡುಗೆ ಸೋಡಾ ಬೆರೆಸಿ, ನಡುವೆ ಒಂದು ಹೋಳು ಸೇಬು. ತೆಗೆದಾಗ ಹೋಳು ಚರ್ಮದ ತುಂಡಿನಂತೆ ಕಂದಾಗಿ, ಅಂಚು ಮುರುಟಿಕೊಂಡು, ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಬಾಗುತ್ತಿತ್ತು. ಮೂಸಿ ನೋಡಿದರೆ ಕೊಳೆತ ವಾಸನೆ ಇಲ್ಲ. ಸುತ್ತಲಿನ ಪುಡಿ ಮಾತ್ರ ನೀರು ಹೀರಿ ಗಟ್ಟಿಯಾಗಿ, ಚಮಚ ಹಾಕಿ ಕುಟ್ಟಿ ಬಿಡಿಸಬೇಕಾಯಿತು. ಮೂರು ಸಾವಿರ ವರ್ಷದ ವಿದ್ಯೆಯ ತಿರುಳು ಅಷ್ಟೇ: ನೀರು ಹೋದರೆ ಕೊಳೆಸುವ ಜೀವಾಣುಗಳಿಗೆ ಬದುಕಿಲ್ಲ.

ಒಣಗಿದ ದೇಹಕ್ಕೆ ಬಟ್ಟೆ ಸುತ್ತಬೇಕು. ಎಷ್ಟು ಬಟ್ಟೆ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ವಾಹ್ ಎಂಬವನ ಮಮ್ಮಿ ಇದೆ. ರಾಜನಲ್ಲ, ಮಂತ್ರಿಯೂ ಅಲ್ಲ; ದೊಡ್ಡ ಅಧಿಕಾರಿಯೊಬ್ಬನ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಅವನಿಗೆ ಸುತ್ತಿದ್ದ ನಾರುಬಟ್ಟೆ 375 ಚದರ ಮೀಟರ್. ಬಿಚ್ಚಿ ಹಾಸಿದರೆ ಮೂರು ಥರ್ಟಿ–ಫಾರ್ಟಿ ಸೈಟು ಮುಚ್ಚಿ ಇನ್ನೂ ಉಳಿಯುತ್ತದೆ. ಅಗಸೆ ಬೆಳೆದು, ನಾರು ಬಿಡಿಸಿ, ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದ ಬಟ್ಟೆ. ಒಬ್ಬ ಉಗ್ರಾಣದವನಿಗೆ!

ಪ್ರಾಣಿಗಳ ಲೆಕ್ಕಕ್ಕೆ ಬಂದಾಗ ಹುಡುಗಿ ಪೆನ್ನು ಕೆಳಗಿಟ್ಟಳು. ಈಜಿಪ್ಟಿನ ಸಕ್ಕಾರಾದಲ್ಲಿ ಅನುಬಿಸ್ ದೇವರಿಗೆ ಹರಕೆಯಾಗಿ ಒಪ್ಪಿಸಿದ ನಾಯಿಗಳ ನೆಲಮಾಳಿಗೆ ಇದೆ. ಅಲ್ಲಿ ಅಧ್ಯಯನ ಮಾಡಿದ ಪುರಾತತ್ವಜ್ಞರ ಅಂದಾಜು 80 ಲಕ್ಷ ಪ್ರಾಣಿಗಳು. ಎಷ್ಟೋ ಮರಿಗಳು ಹುಟ್ಟಿ ಕೆಲವು ಗಂಟೆಯಷ್ಟೇ ಆಗಿದ್ದವು. ಬೆಕ್ಕಿನ ಮಮ್ಮಿಗಳ ಗತಿ ಇನ್ನೂ ಕೆಟ್ಟದ್ದು. 1890ರಲ್ಲಿ ಸುಮಾರು 1,80,000 ಬೆಕ್ಕಿನ ಮಮ್ಮಿಗಳನ್ನು, ಒಟ್ಟು 19 ಟನ್ನಿನಷ್ಟು, ಹಡಗಿಗೆ ತುಂಬಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಕಳಿಸಿದರು. ಅಲ್ಲಿ ಹರಾಜು ಹಾಕಿ, ಪುಡಿ ಮಾಡಿ, ಹೊಲಕ್ಕೆ ಗೊಬ್ಬರವಾಗಿ ಎರಚಿದರು. ದೇವರಿಗೆ ಸಲ್ಲಲಿ ಎಂದು ಯಾರೋ ದುಡ್ಡು ಕೊಟ್ಟು ಬಟ್ಟೆ ಸುತ್ತಿಸಿದ ಜೀವಗಳು. ಇದನ್ನು ಚಾರ್ಟಿನಲ್ಲಿ ಹಾಕುವುದೋ ಬೇಡವೋ ಎಂದು ತಾಯಿ ಮಗಳ ನಡುವೆ ವಾದವೇ ಆಯಿತು. ಹಾಕಬೇಕು ಎಂದು ನಾನು ಮಗಳ ಪಕ್ಷ ಹಿಡಿದೆ.

ಇಷ್ಟು ಕಲ್ಲನ್ನು ಎತ್ತಿದವರ ಸುದ್ದಿ ನಮ್ಮ ಪಠ್ಯಪುಸ್ತಕಗಳಲ್ಲಿ ಕಡಿಮೆ. 1990ರಲ್ಲಿ ಗೀಜಾದ ಹತ್ತಿರ ಒಂದು ಕುದುರೆ ಎಡವಿತು. ಕಾಲಿಗೆ ತಾಗಿದ್ದು ಹಸಿ ಇಟ್ಟಿಗೆಯ ಗೋಡೆ. ಅಗೆದು ನೋಡಿದರೆ ಪಿರಮಿಡ್ ಕಟ್ಟಿದ ಕೆಲಸಗಾರರ ಸಮಾಧಿಗಳು. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಿಯರ್ ತಾಲೆ ಎಂಬ ಫ್ರೆಂಚ್ ವಿದ್ವಾಂಸನ ತಂಡಕ್ಕೆ ಪಪೈರಸ್ ಸುರುಳಿಗಳು ಸಿಕ್ಕವು. ಬರಹವಿರುವ ಪಪೈರಸ್ಸುಗಳಲ್ಲಿ ಅವಕ್ಕಿಂತ ಹಳೆಯವು ಸಿಕ್ಕಿಲ್ಲ. ಅದರಲ್ಲೊಂದು ಮೆರೆರ್ ಎಂಬ ಮೇಸ್ತ್ರಿಯ ದಿನಚರಿ. ತೂರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ಹೇರಿ ಗೀಜಾಕ್ಕೆ ಮುಟ್ಟಿಸುವುದು ಅವನ ತಂಡದ ಕೆಲಸ; ಯಾವ ದಿನ ಎಲ್ಲಿ ಹೇರಿದೆವು, ಎಲ್ಲಿ ರಾತ್ರಿ ಕಳೆದೆವು ಎಂದು ಬರೆದಿಟ್ಟಿದ್ದಾನೆ. 23 ಲಕ್ಷ ಕಲ್ಲುಗಳಲ್ಲಿ ಇವನ ತಂಡ ತಂದವೂ ಒಂದಷ್ಟು ಇವೆ. ಕಲ್ಲು ಎಳೆಯುವುದಕ್ಕೆ ಎಷ್ಟು ಜನ ಬೇಕು ಎಂಬುದಕ್ಕೂ ಒಂದು ಚಿತ್ರದ ಸಾಕ್ಷಿ ಇದೆ. ಜೆಹುತಿಹೊತೆಪ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ 172 ಆಳುಗಳು ಭಾರಿ ವಿಗ್ರಹವೊಂದನ್ನು ಜಾರುಬಂಡಿಯ ಮೇಲೆ ಎಳೆಯುತ್ತಿದ್ದಾರೆ. ಬಂಡಿಯ ಮುಂಭಾಗದ ಮೇಲೆ ಒಬ್ಬ ನಿಂತು ಮುಂದಿನ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ವಿಗ್ರಹದ ತೂಕ 58 ಟನ್ ಇದ್ದಿರಬೇಕೆಂದು ಅಂದಾಜು. ಟನ್ನಿಗೆ ಮೂರು ಜನ. ಈ ಅನುಪಾತವನ್ನು ಒಂದು ಕಡೆ ಬರೆದಿಟ್ಟುಕೊಳ್ಳಲು ಹುಡುಗಿಗೆ ಹೇಳಿದೆ.

ಈಜಿಪ್ಟಿಗೂ ನಮಗೂ ಏನು ನಂಟು ಎಂದರೆ ತೋರಿಸಲು ಒಂದು ಕಾಳು ಇದೆ. 66 ವರ್ಷ ಆಳಿ, ಕ್ರಿ.ಪೂ. 1213ರಲ್ಲಿ ಸತ್ತ ಎರಡನೇ ರಾಮ್ಸೆಸನ ಮಮ್ಮಿಗೆ ಬೂಷ್ಟು ಹಿಡಿದಾಗ, 1976ರಲ್ಲಿ ಅದನ್ನು ವಿಮಾನದಲ್ಲಿ ಪ್ಯಾರಿಸ್ಸಿಗೆ ಒಯ್ದು ಚಿಕಿತ್ಸೆ ಮಾಡಿದರು. ಆಗ ನಡೆದ ಪರೀಕ್ಷೆಯಲ್ಲಿ ಮೂಗಿನೊಳಗೆ ಕಂಡದ್ದು ಕರಿಮೆಣಸು. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. 3,200 ವರ್ಷದ ಹಿಂದೆ ಸಹ್ಯಾದ್ರಿಯ ಕಾಡಿನ ಕಾಳು ಕಡಲು ದಾಟಿ, ಮರುಭೂಮಿ ದಾಟಿ, ಯಾರು ಯಾರ ಕೈಯಿಂದಲೋ ನೈಲ್ ದಡ ಸೇರಿ ಒಬ್ಬ ಚಕ್ರವರ್ತಿಯ ಮೂಗಿನಲ್ಲಿ ಕೂತಿದೆ. ಘಟ್ಟದ ಕೆಳಗಿನ ಯಾವ ಬಂದರಿನಿಂದ ಹೊರಟಿತು, ಯಾರ ಚೀಲದಲ್ಲಿ ಎಂಬುದನ್ನು ಕಲ್ಪಿಸಿಕೊಂಡಷ್ಟೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ತಂಗಿಯ ಮನೆ ಇರುವ ಬಡಾವಣೆಯ ಹೆಸರಿನ ಕಡೆಗೆ ಬರುತ್ತೇನೆ. ರಿಚರ್ಡ್ಸ್ ಟೌನಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ರಿಚರ್ಡ್ಸ್ ಯಾರು ಎಂದು ಗೊತ್ತಿಲ್ಲ. ಎಫ್. ಜೆ. ರಿಚರ್ಡ್ಸ್ ಐಸಿಎಸ್ ಅಧಿಕಾರಿ, ಬ್ರಿಟಿಷರ ಕೈಯಲ್ಲಿದ್ದ ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರ್. 1909ರಲ್ಲಿ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯನ್ನು ಹುಟ್ಟುಹಾಕಿದವರು ಅವರೇ. ನೃಪತುಂಗ ರಸ್ತೆಯ ಡೇಲಿ ಮೆಮೋರಿಯಲ್ ಹಾಲಿನಲ್ಲಿ ಆ ಸಂಸ್ಥೆ ಇಂದಿಗೂ ಇದೆ, ಅದರ ತ್ರೈಮಾಸಿಕ ಪತ್ರಿಕೆಗೆ ನೂರು ವರ್ಷ ದಾಟಿದೆ. ಸೇಲಂ ಜಿಲ್ಲೆಯ ಗೆಝೆಟಿಯರ್ ಬರೆದವರೂ ರಿಚರ್ಡ್ಸ್. ಮತ್ತೆ 1924ರಲ್ಲಿ, ಲಂಡನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು: ಉತ್ತರ ಆರ್ಕಾಟಿನ ಒಡುಗತ್ತೂರಿನಲ್ಲಿರುವ ಕಬ್ಬಿಣ ಯುಗದ ಸಮಾಧಿಗಳ ಬಗ್ಗೆ. ಕಾರ್ಟರ್ ಟುಟಾಂಖಾಮನ್ನನ ಗೋರಿ ಖಾಲಿ ಮಾಡುತ್ತಿದ್ದ ವರ್ಷಗಳೇ ಅವು. ಇಡೀ ಜಗತ್ತಿನ ಪತ್ರಿಕೆಗಳು ಆ ಬಂಗಾರದ ಕಡೆ ನೋಡುತ್ತಿದ್ದಾಗ ಈತ ನಮ್ಮ ಪಕ್ಕದ ರಾಜ್ಯದ ಹೆಸರಿಲ್ಲದವರ ಕಲ್ಲುಗೋರಿಗಳ ಬಗ್ಗೆ ಬರೆಯುತ್ತಿದ್ದರು. ರಿಚರ್ಡ್ಸ್ ಟೌನಿನ ಮಗು ಶವಸಂಸ್ಕಾರದ ಮೇಲೆ ಪ್ರಾಜೆಕ್ಟ್ ಮಾಡುವಾಗ ಅದರಲ್ಲಿ ಈ ಗೋರಿಗಳಿಗೂ ಜಾಗ ಇರಲೇಬೇಕು ಎಂಬುದು ನನ್ನ ಹಟ.

ಹಾಗಾಗಿ ಎರಡನೇ ಚಾರ್ಟ್ ಶುರುವಾಯಿತು. ಕರ್ನಾಟಕದ ನವಶಿಲಾಯುಗದ ಜನ ಹಸುಗೂಸು ತೀರಿಕೊಂಡರೆ ಅದನ್ನು ಮಡಕೆಯಲ್ಲಿಟ್ಟು ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ತೆಕ್ಕಲಕೋಟೆಯಲ್ಲಿ ಅಂಥ ಮಡಕೆಗಳು ಸಿಕ್ಕಿವೆ. ಕಾವೇರಿ ಕಪಿಲೆಯರ ಸಂಗಮದ ತಿ. ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿಯವರ ಉತ್ಖನನದಲ್ಲಿ ಸುಟ್ಟ ಮಣ್ಣಿನ ತಲೆದಿಂಬು ಸಿಕ್ಕಿತು. ಅದು ಈಜಿಪ್ಟಿನ ತಲೆದಿಂಬುಗಳನ್ನು ಹೋಲುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಟುಟಾಂಖಾಮನ್ನನ ತಲೆದಿಂಬುಗಳಲ್ಲಿ ಒಂದು ದಂತದ್ದು. ಎರಡು ಸಿಂಹಗಳ ನಡುವೆ ಮಂಡಿಯೂರಿದ ದೇವರು ಅದನ್ನು ಹೊತ್ತಿದ್ದಾನೆ. ನಮ್ಮದು ಮಣ್ಣಿನದು. ಹೋಲಿಕೆ ಇದ್ದ ಮಾತ್ರಕ್ಕೆ ಕೊಡುಕೊಳ್ಳುವಿಕೆ ಇತ್ತೆಂದಲ್ಲ. ಮಲಗಿದವರ ಕತ್ತಿಗೆ ಆಸರೆ ಬೇಕೆಂದು ಎರಡು ಕಡೆಯವರಿಗೂ ಅನ್ನಿಸಿದೆ, ಅಷ್ಟಂತೂ ನಿಜ.

ಕಬ್ಬಿಣ ಯುಗಕ್ಕೆ ಬಂದರೆ ಕಲ್ಲು ಏಳುತ್ತದೆ. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ 400ರಷ್ಟು ಕಲ್ಲು ಸಮಾಧಿಗಳಿವೆ. ಕ್ರಿ.ಪೂ. 800ರಿಂದ 200ರ ನಡುವಿನವು. 2021ರಲ್ಲಿ ಯುನೆಸ್ಕೋ ತನ್ನ ತಾತ್ಕಾಲಿಕ ಪಟ್ಟಿಗೆ ಸೇರಿಸಿಕೊಂಡಿದೆ. ಸುತ್ತಲಿನ ಜನ ಮೊರೇರ ಗುಡ್ಡ ಎನ್ನುತ್ತಾರೆ. ಮೊರೇರು ಎಂಬ ಕುಳ್ಳ ಜನ ಅಲ್ಲಿ ವಾಸವಾಗಿದ್ದರು, ಇವು ಅವರ ಮನೆಗಳು ಎಂದು ಕಥೆ. ನೋಡಿದರೆ ಹಾಗೆ ಅನ್ನಿಸುವುದು ಸಹಜ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹಾಸು ಹೊದಿಸಿದ ಕೋಣೆಗಳು. ಎಷ್ಟೋ ಕೋಣೆಗಳ ಮುಂದಿನ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿ. ಕೆಲವು ಕೋಣೆಗಳ ಎತ್ತರ 8ರಿಂದ 10 ಅಡಿ.

“400 ಅಷ್ಟೇನಾ?” ಎಂದಳು. 23 ಲಕ್ಷ ನೋಡಿ ಬಂದ ಕಣ್ಣಿಗೆ 400 ಸಪ್ಪೆ.

ಆಗ ಬರೆದಿಟ್ಟುಕೊಂಡಿದ್ದ ಅನುಪಾತ ತೆಗೆಸಿದೆ. 10 ಅಡಿ ಉದ್ದ, 8 ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಹಾಸು ಎಂದಿಟ್ಟುಕೊ. 40 ಘನ ಅಡಿ. ಗ್ರಾನೈಟು ಘನ ಅಡಿಗೆ ಸುಮಾರು 76 ಕಿಲೋ ತೂಗುತ್ತದೆ. ಗುಣಿಸಿದಳು. ಮೂರು ಟನ್ ದಾಟಿತು. ಖುಫುವಿನ ಪಿರಮಿಡ್ಡಿನ ಸರಾಸರಿ ಕಲ್ಲಿಗಿಂತ ಭಾರ! ಅಲ್ಲಿ ಇಡೀ ದೇಶದ ಬೊಕ್ಕಸ, ಲೆಕ್ಕ ಬರೆಯುವ ಮೆರೆರ್‌ನಂಥವರು, ದೋಣಿ, ಕಾಲುವೆ ಎಲ್ಲ ಬೆನ್ನಿಗಿದ್ದವು. ಇಲ್ಲಿ ಹೊಲ ಮಾಡುವ, ದನ ಕಾಯುವ ಜನ, ಕಬ್ಬಿಣದ ಉಪಕರಣ ಹಿಡಿದು, ಗುಡ್ಡದ ಬಂಡೆಯಿಂದ ಚಪ್ಪಡಿ ಎಬ್ಬಿಸಿ, ನಿಲ್ಲಿಸಿ, ಮೇಲೆ ಹೊದಿಸಿದ್ದಾರೆ. ಒಮ್ಮೆಯಲ್ಲ, ಒಬ್ಬನಿಗಾಗಿ ಅಲ್ಲ. ಶತಮಾನಗಳವರೆಗೆ, ಮತ್ತೆ ಮತ್ತೆ. 23 ಲಕ್ಷ ಕಲ್ಲು ಒಬ್ಬನಿಗೆ ಎಂಬುದು ಒಂದು ಬಗೆಯ ಬೆರಗು. ಹೆಸರಿಲ್ಲದವರಿಗೆ ಮೂರು ಮೂರು ಟನ್ನಿನ ಸೂರು ಎಂಬುದು ಇನ್ನೊಂದು ಬಗೆಯದು. ನನಗೆ ಎರಡನೆಯದೇ ಹೆಚ್ಚು.

ಅವರು ದೇಹವನ್ನು ಉಳಿಸಿಕೊಳ್ಳಲು ಹೋಗಲಿಲ್ಲ. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ತೆರೆದು ನೋಡಿದ ಕಲ್ಲುಕೋಣೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು ಒಟ್ಟಿಗಿದ್ದವು. ಮಾಂಸ ಮಣ್ಣಾದ ಮೇಲೆ ಆಯ್ದು ತಂದ ಮೂಳೆಗಳು. ಜೊತೆಗೆ ಕಪ್ಪು–ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು. ನಾಟ್ರನ್ನಿನಲ್ಲಿ ನಲವತ್ತು ದಿನ ಕಾಯುವುದು ಒಂದು ಶ್ರದ್ಧೆ. ಮಣ್ಣು ತನ್ನ ಪಾಲು ತೆಗೆದುಕೊಳ್ಳುವವರೆಗೆ ಕಾದು, ಮರಳಿ ಬಂದು, ತನ್ನವರ ಮೂಳೆ ಹುಡುಕಿ ಎತ್ತಿಕೊಳ್ಳುವುದೂ ಶ್ರದ್ಧೆಯೇ.

ವಿಸ್ತಾರದಲ್ಲೂ ನಮ್ಮ ದಕ್ಷಿಣ ಹಿಂದೆ ಬಿದ್ದಿಲ್ಲ. ತಮಿಳುನಾಡಿನ ತಾಮ್ರಪರ್ಣಿ ದಡದ ಆದಿಚ್ಚನಲ್ಲೂರಿನಲ್ಲಿ ಸತ್ತವರನ್ನು ದೊಡ್ಡ ಮಣ್ಣಿನ ಹರವಿಗಳಲ್ಲಿಟ್ಟು ಹೂತ ಬಯಲು 114 ಎಕರೆ. ಮಹಾ ಪಿರಮಿಡ್ಡಿನ ಬುಡ 13 ಎಕರೆ ಇತ್ತಲ್ಲ, ಅಂಥ ಎಂಟು ಪಿರಮಿಡ್ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಸೈಟಿನ ಲೆಕ್ಕಕ್ಕೆ ಇಳಿಸಿದರೆ 4,138. ರಿಚರ್ಡ್ಸ್ ಟೌನಿನಿಂದ ಅಷ್ಟು ದೂರವೂ ಹೋಗಬೇಕಿಲ್ಲ. ವಾರದ ಕೊನೆಗೆ ಬೆಂಗಳೂರಿನ ಹುಡುಗರು ಹತ್ತಲು ಹೋಗುವ ಸಾವನದುರ್ಗದ ಮಗ್ಗುಲಲ್ಲಿ ಕಲ್ಲುಗೋರಿಗಳ ಮಸಣವೊಂದಿದೆ; 1881ರಲ್ಲೇ ಬ್ರಾನ್‌ಫಿಲ್ ಎಂಬವರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅದನ್ನು ವರ್ಣಿಸಿ ಬರೆದಿದ್ದಾರೆ. ಇಂಥ ಎಷ್ಟೋ ಗೋರಿಗಳನ್ನು ನಿಧಿ ಆಸೆಗೆ ಅಗೆದು ಕೆಡವಿದ್ದಾರೆ, ಚಪ್ಪಡಿಗಳನ್ನು ಹೊಲದ ಕಟ್ಟೆಗೆ, ಮನೆಗೆ ಒಯ್ದಿದ್ದಾರೆ. ಒಳಗೆ ಬಂಗಾರ ಇಲ್ಲ, ಮಡಕೆ ಮೂಳೆ ಅಷ್ಟೇ ಎಂದು ಊರೂರಿಗೆ ಹೋಗಿ ಹೇಳಬೇಕೆನ್ನಿಸುತ್ತದೆ ನನಗೆ.

ಎರಡನೇ ಚಾರ್ಟಿನ ತಲೆಬರಹ ಹುಡುಗಿಯೇ ಇಟ್ಟಳು: ‘ರಿಚರ್ಡ್ಸ್ ನೋಡಿದ ಗೋರಿಗಳು, ನಮ್ಮ ಗೋರಿಗಳು’. ಕೆಳಗೆ ಲೆಕ್ಕ: ಒಂದು ಹಾಸು, ಮೂರು ಟನ್, ಟನ್ನಿಗೆ ಮೂವರಂತೆ ಒಂಬತ್ತು ಜನ. ಬರೆದು ಮುಗಿಸಿದ ಮೇಲೆ ಅವಳಿಗೇ ಅನುಮಾನ ಬಂತು. ಈಜಿಪ್ಟಿನ ಚಿತ್ರದಲ್ಲಿರುವುದು ಸಮತಟ್ಟು ನೆಲ, ಅದಕ್ಕೂ ನೀರು ಹೊಯ್ದು ಜಾರಿಸುತ್ತಿದ್ದಾರೆ, ಹಿರೇಬೆಣಕಲ್ಲಿನದು ಗುಡ್ಡ. ಏರಿನಲ್ಲಿ ಒಂಬತ್ತು ಜನ ಸಾಲುವುದಿಲ್ಲ. ಹಾಗಾದರೆ ಎಷ್ಟು ಬೇಕು? ಏರು ಎಷ್ಟಿದೆ ಎಂದು ಗೊತ್ತಾಗದೆ ಲೆಕ್ಕ ಮುಂದೆ ಹೋಗದು. ದಸರಾ ರಜೆಗೆ ಗಂಗಾವತಿಗೆ ಕರೆದುಕೊಂಡು ಹೋಗು, ಕೋನಮಾಪಕ, ದಾರ, ಟೇಪು ಎಲ್ಲ ನಾನೇ ತರ್ತೀನಿ ಎಂದು ಈಗ ನನ್ನ ಬೆನ್ನು ಹತ್ತಿದ್ದಾಳೆ.